ಡ್ರೈವಿಂಗ್ ಲೈಸೆನ್ಸ್ ಇದ್ದರೆ ವಿಮಾನ ಹಾರಿಸಬಹುದಾ?

ರಾತ್ರಿ ಹನ್ನೊಂದೂವರೆ. ಮಗಳು ಮಲಗಿಯಾಗಿತ್ತು. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ನಾನು ಒಂದೇ ಪ್ರಶ್ನೆಯನ್ನ ಹತ್ತು ನಿಮಿಷದಿಂದ ನೋಡ್ತಾ ಕೂತಿದ್ದೆ. ಅಮೆರಿಕದ ವಿಮಾನಯಾನ ಇಲಾಖೆ, ಅಂದ್ರೆ ಎಫ್‌ಎಎ, ಪೈಲಟ್ ಆಗಬೇಕು ಅನ್ನೋರಿಗೆ ಕೊಡುವ ಆನ್‌ಲೈನ್ ಅರ್ಜಿ ಅದು. ಪ್ರಶ್ನೆಯ ತಾತ್ಪರ್ಯ ಇಷ್ಟೇ: ನಿಮ್ಮ ಜೀವನದಲ್ಲಿ ಯಾವತ್ತಾದ್ರೂ ಖಿನ್ನತೆ, ಆತಂಕ ಅಥವಾ ಬೇರೆ ಯಾವುದಾದರೂ ಮಾನಸಿಕ ಸಮಸ್ಯೆ ಇತ್ತೇ? ಹೌದು ಅಥವಾ ಇಲ್ಲ.

ಇತ್ತು. ಅಪ್ಪ ಹೋದ ವರ್ಷ. ಹಾಸನಕ್ಕೆ ಹೋದವಳು ಮೂರು ತಿಂಗಳು ಅಲ್ಲೇ ಉಳಿದೆ. ನಿದ್ದೆ ಇಲ್ಲ, ಊಟ ಸೇರ್ತಿರಲಿಲ್ಲ, ಮಗಳು ಕರೆದ್ರೂ ಕಿವಿಗೆ ಬೀಳ್ತಿರಲಿಲ್ಲ. ಅಮ್ಮನೇ ಕೈ ಹಿಡ್ಕೊಂಡು ಡಾಕ್ಟರ ಹತ್ತಿರ ಕರ್ಕೊಂಡು ಹೋದ್ರು. ಎಸಿಟಲೋಪ್ರಾಮ್ ಅನ್ನೋ ಮಾತ್ರೆ, ಎಂಟು ತಿಂಗಳು. ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ನಿಲ್ಲಿಸಿದೆ. ಈಗ ಆರಾಮಾಗಿದ್ದೀನಿ.

ಹಿಂದಿನಿಂದ ಬಂದ ಗಂಡ ಸ್ಕ್ರೀನ್ ನೋಡಿ, "ಇಲ್ಲ ಅಂತ ಹಾಕು. ಹಾಸನದ ಚೀಟೀನ ಟೆಕ್ಸಾಸಿಗೆ ಯಾರ್ ತರ್ತಾರೆ?" ಅಂದ್ರು.

ಅವರ ಮಾತಲ್ಲಿ ತಪ್ಪು ಹುಡುಕೋದು ಆ ಹೊತ್ತಿಗೆ ನನಗೂ ಕಷ್ಟವಾಯ್ತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಶನಿವಾರದ ಹುಚ್ಚು

ಮೊದಲು ಈ ಹುಚ್ಚು ಹೇಗೆ ಹತ್ತಿತು ಅಂತ ಹೇಳಿಬಿಡ್ತೀನಿ. ಡಲ್ಲಾಸ್ ಹತ್ತಿರ ನಾವಿರೋ ಊರಿನ ಪಕ್ಕದಲ್ಲೇ ಒಂದು ಸಣ್ಣ ಏರ್‌ಪೋರ್ಟ್ ಇದೆ. ದೊಡ್ಡ ವಿಮಾನ ಬರಲ್ಲ. ಎರಡು ಸೀಟಿನವು, ನಾಲ್ಕು ಸೀಟಿನವು ಸೆಸ್ನಾಗಳು, ನಮ್ಮೂರ ಆಟೋ ಸ್ಟ್ಯಾಂಡಲ್ಲಿ ಆಟೋ ನಿಂತ ಹಾಗೆ ಸಾಲಾಗಿ ನಿಂತಿರ್ತವೆ. ಹುಟ್ಟುಹಬ್ಬಕ್ಕೆ ಅಂತ ಗಂಡನೇ ಒಂದು ಗಂಟೆಯ ಪರಿಚಯ ಪಾಠ ಬುಕ್ ಮಾಡಿದ್ರು. ಆ ಒಂದು ಗಂಟೆ ನನ್ನನ್ನ ಕೆಡಿಸ್ತು. ಆಮೇಲೆ ಪ್ರತಿ ಶನಿವಾರ ಬೆಳಿಗ್ಗೆ ಏಳಕ್ಕೆ ಅಲ್ಲೇ. ನಾವು ಈ ದೇಶದ ಪ್ರಜೆಗಳಲ್ಲವಲ್ಲ, ಅದಕ್ಕೆ ತರಬೇತಿ ಶುರುವಾಗೋ ಮುಂಚೆ ಬೆರಳಚ್ಚು ಕೊಟ್ಟು ಟಿಎಸ್‌ಎ ಅನುಮತಿ ತಗೋಬೇಕು. ಅದೂ ಆಯ್ತು.

ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರೋ ತನಕ ಯಾರೂ ನಿಮ್ಮ ಆರೋಗ್ಯದ ಕಾಗದ ಕೇಳಲ್ಲ. ಆದ್ರೆ ಒಂದು ದಿನ ಅವರು ಇಳಿದು, ಬಾಗಿಲು ಹಾಕಿ, "ಈಗ ನೀನೊಬ್ಬಳೇ ಒಂದು ಸುತ್ತು ಹಾಕ್ಕೊಂಡು ಬಾ" ಅಂತಾರೆ. ಅದೇ ಸೋಲೋ. ಆ ದಿನಕ್ಕೆ ಮುಂಚೆ 'ಈಕೆಯ ದೇಹ, ಮನಸ್ಸು ಸರಿಯಾಗಿದೆ' ಅನ್ನೋದಕ್ಕೆ ಏನಾದ್ರೂ ಒಂದು ಆಧಾರ ಬೇಕು. ಆ ಆಧಾರಕ್ಕೆ ಅಮೆರಿಕದಲ್ಲಿ ಮೂರು ದಾರಿ ಇದೆ. ಮೂರರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಗೊತ್ತಿಲ್ಲದೆ ಕೈ ಸುಟ್ಟುಕೊಂಡವರು ಬಹಳ ಜನ. ನಾನೂ ಸುಟ್ಟುಕೊಳ್ಳೋದರಲ್ಲಿದ್ದೆ.

ದಾರಿ ಒಂದು: ಮೂರನೇ ದರ್ಜೆ ಸರ್ಟಿಫಿಕೇಟ್

ಇದು ಹಳೇ ದಾರಿ. ಏರ್‌ಲೈನ್ ಕ್ಯಾಪ್ಟನ್‌ಗಳಿಗೆ ಮೊದಲನೇ ದರ್ಜೆ, ದುಡ್ಡು ತಗೊಂಡು ಹಾರಿಸೋರಿಗೆ ಎರಡನೇದು, ನಮ್ಮಂಥ ಹವ್ಯಾಸಿಗಳಿಗೆ ಮೂರನೇದು. ಎಫ್‌ಎಎ ಗುರುತಿಸಿದ ಡಾಕ್ಟರ್ ಹತ್ತಿರ ಹೋಗ್ಬೇಕು. ಎಎಂಇ ಅಂತಾರೆ ಅವರನ್ನ. ಕಣ್ಣು, ಕಿವಿ, ಬಿಪಿ, ಮೂತ್ರ, ಬಣ್ಣ ಗುರುತಿಸೋ ಪರೀಕ್ಷೆ. ಕನ್ನಡಕ ಇದ್ರೆ ಚಿಂತೆ ಇಲ್ಲ, ಹಾಕ್ಕೊಂಡ ಮೇಲೆ ಪ್ರತಿ ಕಣ್ಣಿಗೂ 20/40 ಬಂದ್ರೆ ಸಾಕು. ನಮ್ಮ ಕಡೆ ಲೆಕ್ಕದಲ್ಲಿ 6/12. ಬಿಪಿ 155/95 ದಾಟಬಾರದು. 40 ವಯಸ್ಸಿನ ಒಳಗಿದ್ರೆ ಸರ್ಟಿಫಿಕೇಟ್ 5 ವರ್ಷ ನಡೆಯುತ್ತೆ, 40 ದಾಟಿದ್ರೆ 2 ವರ್ಷ.

ಆರೋಗ್ಯ ಚೆನ್ನಾಗಿರೋರಿಗೆ ಇದು ಅರ್ಧ ಗಂಟೆ, ಒಂದು ಗಂಟೆಯ ಕೆಲಸ. ತೊಡಕು ಇರೋದು ಇತಿಹಾಸ ಇರೋರಿಗೆ. ಹೃದಯಾಘಾತ, ಫಿಟ್ಸ್, ಮಾತ್ರೆ ಬೇಕಾಗುವ ಸಕ್ಕರೆ ಕಾಯಿಲೆ, ಬೈಪೋಲಾರ್, ಹೀಗೆ 15 ಸಮಸ್ಯೆಗಳ ಪಟ್ಟಿ ಇದೆ. ಅವುಗಳಲ್ಲಿ ಒಂದಿದ್ರೂ ಡಾಕ್ಟರ್ ನೇರವಾಗಿ ಸರ್ಟಿಫಿಕೇಟ್ ಕೊಡೋ ಹಾಗಿಲ್ಲ. ಹಾಗಂತ ಬಾಗಿಲು ಪೂರ್ತಿ ಮುಚ್ಚಿದೆ ಅಂತಲೂ ಅಲ್ಲ. 'ಸ್ಪೆಷಲ್ ಇಶ್ಯುಯೆನ್ಸ್' ಅಂತ ವಿಶೇಷ ಅನುಮತಿ ಇದೆ. ದಾಖಲೆ, ಪರೀಕ್ಷೆ, ಪತ್ರ ವ್ಯವಹಾರ ಎಲ್ಲ ಮುಗಿಸಿ ಇಲಾಖೆಗೆ ಸಮಾಧಾನವಾದ್ರೆ ಕೊಡ್ತಾರೆ. ಇನ್ಸುಲಿನ್ ತಗೊಳ್ಳೋರಿಗೂ 1996ರಿಂದ ಮೂರನೇ ದರ್ಜೆಯಲ್ಲಿ ಈ ದಾರಿ ಇದೆ. ನನ್ನ ಮಾತ್ರೆಯ ಜಾತಿಗೆ ಸೇರಿದ ನಾಲ್ಕು ಔಷಧಿಗಳಿಗೆ 2010ರಲ್ಲಿ ಬಾಗಿಲು ತೆರೆದ್ರು. ಅದಕ್ಕೂ ಮುಂಚೆ ಖಿನ್ನತೆಗೆ ಮಾತ್ರೆ ತಗೋತಿದ್ರೆ ಹಾರಾಟ ನಿಂತ ಹಾಗೇ. ಹಾಗಾಗಿ ಎಷ್ಟೋ ಜನ ಒಂದೋ ಮಾತ್ರೆ ಬಿಡ್ತಿದ್ರು, ಇಲ್ಲಾ ಬಾಯಿ ಮುಚ್ಕೊಳ್ತಿದ್ರು. ಎರಡೂ ಅಪಾಯವೇ.

ಸುಳ್ಳು ಬರೆದ್ರೆ? ಅರ್ಜಿಯಲ್ಲೇ ಅಚ್ಚಾಗಿದೆ: 2,50,000 ಡಾಲರ್ ತನಕ ದಂಡ, 5 ವರ್ಷದ ತನಕ ಜೈಲು, ಅಥವಾ ಎರಡೂ. ಮರುದಿನ ಬೆಳಿಗ್ಗೆ ಕಾಫಿ ಕುಡೀತಾ ಇದನ್ನ ಗಂಡನಿಗೆ ಓದಿ ಹೇಳಿದೆ. ಅವರು ಮಾತಾಡಲಿಲ್ಲ. ವೀಸಾ ಮೇಲಿರೋ ಮನೆಯಲ್ಲಿ ಆ ಸಾಲಿನ ತೂಕ ಬೇರೆ.

ದಾರಿ ಎರಡು: ಬೇಸಿಕ್‌ಮೆಡ್

ನಮ್ಮ ಕ್ಲಬ್ಬಲ್ಲಿ 71 ವರ್ಷದ ಅಜ್ಜ ಒಬ್ಬರಿದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ. ಆದ್ರೂ ವಾರಕ್ಕೊಮ್ಮೆ ಹೆಂಡತಿ ಜೊತೆ ಪಕ್ಕದ ರಾಜ್ಯಕ್ಕೆ ಹಾರಿ, ಅಲ್ಲಿ ಪ್ಯಾನ್‌ಕೇಕ್ ತಿಂದು ವಾಪಸ್ ಬರ್ತಾರೆ. ಹೇಗೆ ಅಂತ ಕೇಳಿದೆ. "ಬೇಸಿಕ್‌ಮೆಡ್" ಅಂದ್ರು.

2016ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ, 2017ರ ಮೇ 1ರಿಂದ ಜಾರಿಗೆ ಬಂದ ವ್ಯವಸ್ಥೆ ಇದು. ಎಎಂಇ ಬೇಕಾಗಿಲ್ಲ. ರಾಜ್ಯದ ಲೈಸೆನ್ಸ್ ಇರೋ ಯಾವುದೇ ಡಾಕ್ಟರ್, ನಿಮ್ಮ ಫ್ಯಾಮಿಲಿ ಡಾಕ್ಟರೇ ಆಗಬಹುದು, 4 ವರ್ಷಕ್ಕೊಮ್ಮೆ ಒಂದು ನಿಗದಿತ ಪಟ್ಟಿ ಹಿಡ್ಕೊಂಡು ನಿಮ್ಮನ್ನ ಪರೀಕ್ಷೆ ಮಾಡಿ ಸಹಿ ಹಾಕ್ತಾರೆ. 2 ವರ್ಷಕ್ಕೊಮ್ಮೆ ಆನ್‌ಲೈನ್‌ನಲ್ಲಿ ಒಂದು ಪಾಠ ಓದಿ ಪರೀಕ್ಷೆ ಬರೀಬೇಕು. ಜೊತೆಗೆ ಚಾಲ್ತಿಯಲ್ಲಿರೋ ಡ್ರೈವಿಂಗ್ ಲೈಸೆನ್ಸ್. ಅಷ್ಟು ಸಾಕು. 2024ರ ನವೆಂಬರಿನಿಂದ ಮಿತಿಯನ್ನೂ ಹೆಚ್ಚಿಸಿದ್ದಾರೆ: 12,500 ಪೌಂಡ್ ತನಕದ ವಿಮಾನ, 6 ಪ್ರಯಾಣಿಕರು, 18,000 ಅಡಿ ಎತ್ತರ, 250 ನಾಟ್ ವೇಗ. ದುಡ್ಡಿಗೆ ಹಾರಿಸೋ ಹಾಗಿಲ್ಲ, ಅಷ್ಟೇ.

ಕೇಳಿ ನನಗೆ ಖುಷಿಯೋ ಖುಷಿ. ನಮ್ಮ ಫ್ಯಾಮಿಲಿ ಡಾಕ್ಟರಿಗೆ ನನ್ನ ಕಥೆ ಎಲ್ಲ ಗೊತ್ತು, ಸಹಿ ಹಾಕಿಸ್ಕೊಂಡ್ರಾಯ್ತು ಅಂದ್ಕೊಂಡೆ. ಅಜ್ಜ ನಕ್ಕು, "ನೀನು ಯಾವತ್ತಾದ್ರೂ ಎಫ್‌ಎಎ ಮೆಡಿಕಲ್ ತಗೊಂಡಿದ್ದೀಯಾ?" ಅಂತ ಕೇಳಿದ್ರು. ಇಲ್ಲ. "ಹಾಗಾದ್ರೆ ಇಲ್ಲ" ಅಂದ್ರು.

ಬೇಸಿಕ್‌ಮೆಡ್ ಎರಡನೇ ಮೆಟ್ಟಿಲು. 2006ರ ಜುಲೈ 14ರ ನಂತರ ಒಮ್ಮೆಯಾದ್ರೂ ನಿಮ್ಮ ಹತ್ತಿರ ಸರಿಯಾದ ಎಫ್‌ಎಎ ಮೆಡಿಕಲ್ ಇದ್ದಿರಬೇಕು. ಸ್ಟೆಂಟ್ ಹಾಕಿಸ್ಕೊಂಡ ಮೇಲೆ ಆ ಅಜ್ಜನೂ ತಿಂಗಳುಗಟ್ಟಲೆ ಕಾಗದ ಓಡಾಡಿಸಿ ಒಂದು ಸಲ ವಿಶೇಷ ಅನುಮತಿ ತಗೊಂಡ್ರು. ಹೃದಯ, ನರ, ಮನಸ್ಸಿನ ಕೆಲವು ದೊಡ್ಡ ಕಾಯಿಲೆಗಳಿಗೆ ಆ 'ಒಂದು ಸಲ' ತಪ್ಪಿದ್ದಲ್ಲ. ಅದಾದ ಮೇಲಷ್ಟೇ ಅವರಿಗೆ ಬೇಸಿಕ್‌ಮೆಡ್ ಸಿಕ್ಕಿದ್ದು.

ದಾರಿ ಮೂರು: ಜೇಬಲ್ಲಿರೋ ಲೈಸೆನ್ಸ್

ಶೀರ್ಷಿಕೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಹೌದು, ಹಾರಿಸಬಹುದು. ಸ್ಪೋರ್ಟ್ ಪೈಲಟ್ ಅನ್ನೋ ವರ್ಗ 2004ರಿಂದ ಇದೆ. ಅದಕ್ಕೆ ಅಮೆರಿಕದ ಯಾವುದೇ ರಾಜ್ಯದ ಡ್ರೈವಿಂಗ್ ಲೈಸೆನ್ಸೇ ಆರೋಗ್ಯದ ಪುರಾವೆ. ಮೊದಲು ಎರಡು ಸೀಟಿನ, 1,320 ಪೌಂಡಿನೊಳಗಿನ ಹಗುರ ವಿಮಾನಕ್ಕೆ ಮಾತ್ರ ಇತ್ತು. 2025ರ ಅಕ್ಟೋಬರ್ 22ರಿಂದ ಹೊಸ ನಿಯಮ. ಈಗ ವಿಮಾನದ ತೂಕ ನೋಡಲ್ಲ, ಎಷ್ಟು ನಿಧಾನಕ್ಕೆ ಹಾರಿದ್ರೂ ಬೀಳದೆ ನಿಲ್ಲುತ್ತೆ ಅಂತ ನೋಡ್ತಾರೆ. ಆ ಕನಿಷ್ಠ ವೇಗ 59 ನಾಟ್ ಮೀರಬಾರದು, ಸೀಟು ನಾಲ್ಕರ ಒಳಗಿರಬೇಕು. ನಾನು ಕಲೀತಿರೋ ಸೆಸ್ನಾ 172 ಅದರೊಳಗೆ ಬಂತು!

ಮಿತಿಗಳಿವೆ. ನಾಲ್ಕು ಸೀಟಿದ್ರೂ ಒಬ್ಬರನ್ನೇ ಕೂರಿಸ್ಕೋಬೇಕು. (ಮೊದಲು ನಾನು, ಮೊದಲು ನಾನು ಅಂತ ಅಪ್ಪ ಮಗಳಿಗೆ ಈಗಲೇ ಜಗಳ.) ಹಗಲು ಹೊತ್ತು ಮಾತ್ರ. ರಾತ್ರಿ ಹಾರಬೇಕಂದ್ರೆ ಬೇರೆ ತರಬೇತಿ ಬೇಕು, ಜೊತೆಗೆ ಬೇಸಿಕ್‌ಮೆಡ್ ಅಥವಾ ಮೆಡಿಕಲ್ ಇರಲೇಬೇಕು. ಮೊದಲೇ ಪ್ರೈವೇಟ್ ಪೈಲಟ್ ಆಗಿದ್ದು ಮೆಡಿಕಲ್ ಮುಗಿದುಹೋದವರೂ ಈ ಮಿತಿಯೊಳಗೆ ಡ್ರೈವಿಂಗ್ ಲೈಸೆನ್ಸ್ ಮೇಲೆ ಹಾರಬಹುದು.

ಆದ್ರೆ ಒಂದು ಗುಂಡಿ ಇದೆ. ನೀವು ಕೊನೇ ಸಲ ಹಾಕಿದ ಮೆಡಿಕಲ್ ಅರ್ಜಿ ತಿರಸ್ಕಾರ ಆಗಿದ್ರೆ ಈ ದಾರಿಯೂ ಬಂದ್. ಬೇಸಿಕ್‌ಮೆಡ್ ಕೂಡ ಬಂದ್. ಅರ್ಜಿಯನ್ನೇ ಹಾಕದವರಿಗೆ ತೆರೆದಿರೋ ಬಾಗಿಲು, ಹಾಕಿ ಸೋತವರಿಗೆ ಮುಚ್ಚುತ್ತೆ.

ಪರಿಚಯದ ಹುಡುಗನೊಬ್ಬನಿಗೆ ಆಗಿದ್ದೇ ಇದು. ಕಾಲೇಜಲ್ಲಿದ್ದಾಗ ಏಕಾಗ್ರತೆಗೆ ಅಂತ ಎಡಿಎಚ್‌ಡಿ ಮಾತ್ರೆ ತಗೋತಿದ್ದ. ಯಾರನ್ನೂ ಕೇಳದೆ ಅರ್ಜಿ ತುಂಬಿ ಡಾಕ್ಟರ್ ಹತ್ತಿರ ಹೋದ. ಡಾಕ್ಟರ್ ನಿರ್ಧಾರವನ್ನ ಇಲಾಖೆಗೆ ಬಿಟ್ರು. ಇಲಾಖೆ ಉದ್ದದ ಪರೀಕ್ಷೆಗಳ ಪಟ್ಟಿ ಕಳಿಸ್ತು. ಖರ್ಚು ನೋಡಿ ಬೇಸತ್ತು ಇವನು ಉತ್ತರ ಕೊಡದೆ ಬಿಟ್ಟ. ಕೇಳಿದ ದಾಖಲೆ ಬರಲಿಲ್ಲ ಅಂತ ಅರ್ಜಿ ತಿರಸ್ಕಾರವಾಯ್ತು. ಕೈಯಲ್ಲಿ ಡ್ರೈವಿಂಗ್ ಲೈಸೆನ್ಸ್ ಇದೆ, ದಿನಾ ಎಂಬತ್ತು ಮೈಲಿ ವೇಗದಲ್ಲಿ ಕಾರ್ ಓಡಿಸ್ತಾನೆ, ಎರಡು ಸೀಟಿನ ವಿಮಾನ ಮಾತ್ರ ಮುಟ್ಟೋ ಹಾಗಿಲ್ಲ.

ಆದ್ದರಿಂದ ಇತಿಹಾಸ ಇರೋರು ಒಂದು ಕ್ರಮ ಇಟ್ಕೊಳ್ಳಿ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿದ ಮಾತ್ರಕ್ಕೆ ಏನೂ ಆಗಲ್ಲ. ಎಎಂಇ ಅದನ್ನ ತಮ್ಮ ಕಂಪ್ಯೂಟರಲ್ಲಿ ತೆರೆದ ಕ್ಷಣದಿಂದ ಅದಕ್ಕೆ ಜೀವ. ಆಮೇಲೆ ವಾಪಸ್ ಇಲ್ಲ. ಅದಕ್ಕೆ ಮುಂಚೆ ಅವರ ಹತ್ತಿರ ಬರೀ ಸಲಹೆಗೆ ಅಂತ ಹೋಗಿ, ಹಾಗಂತ ಮೊದಲೇ ಹೇಳಿ. ನಾನೂ ಹಾಗೇ ಹೋದೆ. ಅರ್ಜಿಯ ಸಂಖ್ಯೆ ಕೊಡಲಿಲ್ಲ, ಕಥೆ ಮಾತ್ರ ಹೇಳಿದೆ. ಅವರು ಸಮಾಧಾನವಾಗಿ ಕೇಳಿದ್ರು. "ಅಸಾಧ್ಯವೇನಲ್ಲ. ಯಾವತ್ತಿಂದ ಯಾವತ್ತಿಗೆ, ಯಾವ ಮಾತ್ರೆ, ನಿಲ್ಲಿಸಿ ಎಷ್ಟು ದಿನ, ನೋಡಿದ ಡಾಕ್ಟರ ಬರಹ, ಇಷ್ಟನ್ನೂ ತಂದು ಬಾ. ಕಾಯೋಕೆ ತಯಾರಾಗಿರು" ಅಂದ್ರು.

ಹಾಗಾದ್ರೆ ಇದು ತಪ್ಪಿಸ್ಕೊಳ್ಳೋದಾ?

ನಾನು ಸದ್ಯಕ್ಕೆ ಮೂರನೇ ದಾರಿ ಹಿಡಿದಿದ್ದೀನಿ. ಯಾರಿಗೂ ಏನೂ ಹೇಳಬೇಕಾಗಿಲ್ಲ, ಯಾವ ಪ್ರಶ್ನೆಗೂ ಟಿಕ್ ಹಾಕಬೇಕಾಗಿಲ್ಲ. ಇದೇ ನನ್ನನ್ನ ಕೆಲವು ದಿನ ಕೊರೀತು. ಸುಳ್ಳು ಹೇಳಲಿಲ್ಲ ಸರಿ, ಆದ್ರೆ ಪ್ರಶ್ನೆಯೇ ಇಲ್ಲದ ಬಾಗಿಲಿನಿಂದ ನುಸುಳಿದೆನಾ?

ಆಗ ನೆನಪಾಗಿದ್ದು ಅಪ್ಪ. ಅಪ್ಪ ಬಸ್ ಡ್ರೈವರ್. ಹಾಸನ–ಮಂಗಳೂರು ರಾತ್ರಿ ಸರ್ವಿಸ್, ಶಿರಾಡಿ ಘಾಟಿ ಮೇಲೆ. ನಾನು ಹೈಸ್ಕೂಲಲ್ಲಿದ್ದಾಗ ಅವರಿಗೆ ಕಣ್ಣಿನ ಟೆಸ್ಟ್ ಆಯ್ತು, ಪಾಸಾದ್ರು. ಅದಾಗಿ ಒಂದೇ ತಿಂಗಳಿಗೆ ತಾವೇ ಹೋಗಿ ಹಗಲು ರೂಟ್ ಕೇಳಿ ಹಾಕಿಸ್ಕೊಂಡ್ರು. ರಾತ್ರಿ ಡ್ಯೂಟಿಯ ಭತ್ಯೆ ಹೋಯ್ತು. ಅಮ್ಮ ಒಂದು ವಾರ ಗೊಣಗಿದ್ರು. ಪಾಸಾಗಿದ್ದೀರಲ್ಲ, ಯಾರು ಕೇಳಿದ್ರು ನಿಮ್ಮನ್ನ ಅಂತ. ಎದುರಿಂದ ಬರೋ ಲಾರಿ ಲೈಟು ಒಡೆದು ಕಾಣ್ತಿದೆ ಅಂದ್ರು ಅಪ್ಪ. "ನಾನು ಪಾಸಾಗಿದ್ದು ಗೋಡೆ ಮೇಲಿನ ಅಕ್ಷರಕ್ಕೆ ಕಣೆ. ಘಾಟಿಯಲ್ಲಿ ಅಕ್ಷರ ಇರಲ್ಲ" ಅಂದ್ರು. ಕಣ್ಣಿಗೆ ಪೊರೆ ಶುರುವಾಗಿತ್ತು ಅಂತ ಆಮೇಲೆ ಗೊತ್ತಾಯ್ತು.

ಈ ಮೂರು ದಾರಿಗೂ ಒಂದು ನಿಯಮ ಸಮಾನ. ನಿಮಗೆ ಗೊತ್ತಿರೋ ಯಾವುದೋ ಆರೋಗ್ಯದ ತೊಂದರೆ ನಿಮ್ಮನ್ನ ಸುರಕ್ಷಿತವಾಗಿ ಹಾರಿಸೋಕೆ ಬಿಡಲ್ಲ ಅಂದ್ರೆ, ಅವತ್ತು ನೀವು ಹಾರಿಸೋ ಹಾಗಿಲ್ಲ. ಕೈಯಲ್ಲಿ ಮೊದಲನೇ ದರ್ಜೆಯ ಸರ್ಟಿಫಿಕೇಟ್ ಇದ್ರೂ ಅಷ್ಟೇ. ಡಾಕ್ಟರ್ ನೋಡೋದು 5 ವರ್ಷಕ್ಕೋ, 4 ವರ್ಷಕ್ಕೋ ಒಂದು ದಿನ. ಉಳಿದ ದಿನಗಳಿಗೆ ಡಾಕ್ಟರ್ ನೀವೇ. ಅದಕ್ಕೆ ಪೈಲಟ್‌ಗಳು ಪ್ರತಿ ಹಾರಾಟಕ್ಕೂ ಮುಂಚೆ ತಮಗೆ ತಾವೇ ಆರು ಪ್ರಶ್ನೆ ಕೇಳ್ಕೊಳ್ತಾರೆ: ಕಾಯಿಲೆ ಇದೆಯಾ, ಔಷಧಿ ತಗೊಂಡಿದ್ದೀನಾ, ಒತ್ತಡ ಇದೆಯಾ, ಕುಡಿದಿದ್ದೀನಾ, ದಣಿದಿದ್ದೀನಾ, ಮನಸ್ಸು ಕದಡಿದೆಯಾ?

ಔಷಧಿ ಅಂದ್ರೆ ದೊಡ್ಡ ಮಾತ್ರೆಗಳೇ ಆಗಬೇಕಿಲ್ಲ. ನೆಗಡಿ, ಅಲರ್ಜಿಗೆ ನಾವು ಕಡಲೆಬೀಜದ ಹಾಗೆ ಬಾಯಿಗೆ ಹಾಕ್ಕೊಳ್ಳೋ ಸೆಟಿರಿಜಿನ್ ಕೂಡ ಹಾರಾಟಕ್ಕೆ ನಿಷಿದ್ಧ, ಮಂಪರು ತರುತ್ತೆ ಅಂತ. ಡೈಫೆನ್‌ಹೈಡ್ರಮಿನ್ ಇರೋ ಮಾತ್ರೆ ನುಂಗಿದ್ರೆ 60 ಗಂಟೆ ಕಾಯಬೇಕು. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗೋ ಈ ಔಷಧಿ, ಅಪಘಾತದಲ್ಲಿ ಸತ್ತ ಪೈಲಟ್‌ಗಳ ರಕ್ತದಲ್ಲಿ ಸಿಕ್ಕ ಮಂಪರು ತರಿಸೋ ಔಷಧಿಗಳಲ್ಲೇ ಮೊದಲ ಸ್ಥಾನದಲ್ಲಿತ್ತು ಅಂತ ಅಲ್ಲಿನ ಅಪಘಾತ ತನಿಖಾ ಮಂಡಳಿ 2014ರ ಅಧ್ಯಯನದಲ್ಲಿ ಹೇಳಿದೆ.

ಹೋದ ತಿಂಗಳು ಒಂದು ಶುಕ್ರವಾರ ರಾತ್ರಿ ಹಾಸನದಿಂದ ಫೋನ್ ಬಂತು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ರು. ಮೂಳೆ ಮುರಿದಿಲ್ಲ ಅಂತ ಖಾತ್ರಿ ಆಗೋ ಹೊತ್ತಿಗೆ ಇಲ್ಲಿ ಬೆಳಗಿನ ಜಾವ ನಾಲ್ಕು. ಏಳಕ್ಕೆ ನನ್ನ ಎರಡನೇ ಸೋಲೋ. ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ, ವಿಮಾನ ಬುಕ್ ಆಗಿತ್ತು, ಲೈಸೆನ್ಸ್ ಪರ್ಸಲ್ಲಿತ್ತು. ಕಾನೂನಿನ ಕಾಗದ ಎಲ್ಲ ಸರಿ ಇತ್ತು. ಆರು ಪ್ರಶ್ನೆಯಲ್ಲಿ ಮೂರಕ್ಕೆ ನನ್ನ ಉತ್ತರ 'ಹೌದು'. ಕಾರಲ್ಲಿ ಕೂತು ಇನ್‌ಸ್ಟ್ರಕ್ಟರಿಗೆ ಮೆಸೇಜ್ ಹಾಕಿದೆ: ಇವತ್ತು ಬೇಡ. ಎರಡು ನಿಮಿಷಕ್ಕೆ ಉತ್ತರ ಬಂತು: ಸರಿ, ಮುಂದಿನ ಶನಿವಾರ ಏಳಕ್ಕೆ.

ಯಾಕೆ ಅಂತ ಅವರು ಕೇಳಲೇ ಇಲ್ಲ. ಮನೆಗೆ ಬಂದು ಹನ್ನೊಂದರ ತನಕ ನಿದ್ದೆ ಮಾಡಿದೆ.

ನಮ್ಮೂರಲ್ಲಿ ಕಲಿಯೋರಿಗೆ

ಈ ಮೂರು ದಾರಿ ಅಮೆರಿಕದ ಕಥೆ. ಜಕ್ಕೂರಲ್ಲೋ ಬೇರೆಲ್ಲೋ ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಕಲೀತೀನಿ ಅನ್ನೋರಿಗೆ ಡಿಜಿಸಿಎಯ ಕ್ಲಾಸ್ 2 ಮೆಡಿಕಲ್ ಬೇಕು, ಅದೇ ವೃತ್ತಿ ಮಾಡ್ಕೋತೀನಿ ಅಂದ್ರೆ ಕ್ಲಾಸ್ 1. ಪಾಠಕ್ಕೆ ಲಕ್ಷಗಟ್ಟಲೆ ಕಟ್ಟೋ ಮುಂಚೆ ಮೆಡಿಕಲ್ ಮಾಡಿಸ್ಕೊಳ್ಳಿ. ಎಲ್ಲಿದ್ರೂ ಹಳೇ ಚೀಟಿಗಳನ್ನ ಎಸೀಬೇಡಿ.

ನಾನೀಗ ಅವನ್ನೇ ಒಟ್ಟು ಮಾಡ್ತಿದ್ದೀನಿ. ಗಂಡ, ಮಗಳು ಇಬ್ಬರನ್ನೂ ಒಟ್ಟಿಗೆ ಕರ್ಕೊಂಡು ಹೋಗೋ ಆಸೆ ಇದೆಯಲ್ಲ, ಅದಕ್ಕೆ ಮೊದಲನೇ ದಾರಿ ದಾಟಲೇಬೇಕು. ಅರ್ಜಿ ತಿರಸ್ಕಾರವಾದ್ರೆ ಈಗಿರೋದೂ ಹೋಗುತ್ತೆ ಅಂತ ಗೊತ್ತು. ಕಾಗದ ಪೂರ್ತಿ ಕೈಸೇರಿದ ಮೇಲೆ, ಡಾಕ್ಟರ್ ಹತ್ತಿರ ಇನ್ನೊಮ್ಮೆ ಮಾತಾಡಿ, ಆಮೇಲೆ ಹಾಕ್ತೀನಿ. ಮೊನ್ನೆ ಅಮ್ಮ ಬೀರುವಿನಿಂದ ಆ ಪ್ಲಾಸ್ಟಿಕ್ ಕವರ್ ತೆಗೆದು, ಒಂದೊಂದೇ ಚೀಟಿಯ ಫೋಟೋ ವಾಟ್ಸ್‌ಆಪಲ್ಲಿ ಕಳಿಸಿದ್ರು. ಕೊನೇ ಫೋಟೋದ ಕೆಳಗೆ, "ಇದನ್ನೆಲ್ಲ ಅವರಿಗೆ ತೋರಿಸ್ಲೇಬೇಕಾ ಪುಟ್ಟಿ?" ಅಂತ ಬರೆದಿದ್ರು.

ತೋರಿಸ್ಲೇಬೇಕು ಅಮ್ಮ ಅಂತ ಬರೆದೆ. ಅಪ್ಪನ ಕಣ್ಣಿನ ವಿಷಯ ಅವರಿಗೆ ನೆನಪಿಸಬೇಕಾಗಲಿಲ್ಲ.